ಎಂಟು ಹಲಗೆಗಳ ಓರೆ

ಟ್ರ್ಯಾಕ್ಟರಿನಿಂದ ಆ ಮರವನ್ನು ಇಳಿಸುವಾಗ ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಆರು ಜನ. ಐದು ಜನ ಬಾಗಿಲಿನ ಆ ಬದಿಗೆ, ನಾನೊಬ್ಬ ಈ ಬದಿಗೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯಲ್ಲಿ ಬಾಗಿಲು, ಮಂಚ, ಅಡುಗೆಮನೆಯ ಕಪಾಟು ಮಾಡುತ್ತಿದ್ದೆವು. ನಾನೂ ಮೊದಲು ಬಡಗಿಗಳ ಬೆಂಚಿನಲ್ಲೇ ಇದ್ದವನು. ಮಾಲೀಕರು ಕೊಯಮತ್ತೂರಿನಿಂದ ಕಂಪ್ಯೂಟರಿನಲ್ಲಿ ಓಡುವ ಹಳೆಯ ಮಿಷನ್ ಒಂದನ್ನು ತಂದಾಗ, ಬೆಂಚಿನಲ್ಲಿ ಪಿಯುಸಿ ಓದಿದವನು ನಾನೊಬ್ಬನೇ ಎಂದು ಹತ್ತು ದಿನ ತರಬೇತಿಗೆ ಕಳಿಸಿದರು. ಅದಕ್ಕೆ ಸಿಎನ್‌ಸಿ ರೌಟರ್ ಎನ್ನುತ್ತಾರೆ. ದೊಡ್ಡ ಮೇಜಿನ ಮೇಲೆ ಮರ ಬಿಗಿದರೆ, ಮೇಲಿನಿಂದ ಗಿರ್ರನೆ ತಿರುಗುವ ಬಿಟ್ ಒಂದು ಬಂದು, ಕಂಪ್ಯೂಟರಿನಲ್ಲಿ ಬರೆದ ಗೆರೆಯ ಮೇಲೆ ಕೊರೆಯುತ್ತಾ ಹೋಗುತ್ತದೆ. ಎಡ ಬಲ, ಹಿಂದೆ ಮುಂದೆ, ಮೇಲೆ ಕೆಳಗೆ ಹೋಗಬಲ್ಲದು. ಓರೆಯಾಗಿ ವಾಲಲಾರದು.

ಮಿಷನ್ ಬಂದ ಆರು ತಿಂಗಳಿಗೆ ಬೆಂಚಿನ ಇಬ್ಬರನ್ನು ಕೆಲಸದಿಂದ ಬಿಡಿಸಿದರು. ಅವತ್ತಿನಿಂದ ಉಳಿದವರು ನನ್ನ ಜೊತೆ ಮಾತು ಬಿಟ್ಟರು. ಅವರಲ್ಲಿ ಹಿರಿಯರು ನನ್ನ ಹೆಂಡತಿಯ ಅಣ್ಣ. ಉಳಿ ಹಿಡಿಯುವುದನ್ನು ನನಗೆ ಕಲಿಸಿದವರೂ ಅವರೇ, ತಂಗಿಯನ್ನು ಕೊಟ್ಟವರೂ ಅವರೇ. ಬಿಡಿಸಿದ ಇಬ್ಬರೂ ಅವರ ಕೈಯಲ್ಲೇ ಕೆಲಸ ಕಲಿತವರು. ಭಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಾನು ಎದುರು ಬಂದರೆ ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ದಾಟಿ ಹೋಗುತ್ತಿದ್ದರು.

ಆ ಹೊತ್ತಿಗೆ ಹೆಂಡತಿ ಹೆರಿಗೆಗೆಂದು ತವರೂರು ಹೆಡತಲೆಗೆ, ಅದೇ ಭಾವನ ಮನೆಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಭಾನುವಾರ ನೋಡಲು ಹೋದರೆ ಭಾವ ಮನೆಯಲ್ಲಿರುತ್ತಿರಲಿಲ್ಲ. “ಅಣ್ಣ ಈಗ ತಾನೇ ಆಚೆ ಓದ,” ಎಂದು ಹೆಂಡತಿ ನೆಲ ನೋಡಿಕೊಂಡು ಹೇಳುತ್ತಿದ್ದಳು. ಕೂಸನ್ನು ಒಂದು ಗಳಿಗೆ ಎತ್ತಿಕೊಂಡು, ಕಾಫಿ ಕುಡಿದು, ನಂಜನಗೂಡಿನ ಬಾಡಿಗೆ ಮನೆಗೆ ಒಬ್ಬನೇ ಮರಳುತ್ತಿದ್ದೆ. ಮಿಷನ್ನಿಗೆ ದೂಳು ತಾಗಬಾರದೆಂದು ಗಾಜು ಹಾಕಿದ ಒಂದು ರೂಮು ಕಟ್ಟಿಸಿದ್ದರು. ನನ್ನ ಊಟವೂ ಅದರೊಳಗೇ. ಗಾಜಿನಾಚೆ ಐದು ಜನ ಸುತ್ತ ಕೂತು ಡಬ್ಬಿ ಬಿಚ್ಚುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ಟ್ರ್ಯಾಕ್ಟರಿನಲ್ಲಿ ಬಂದದ್ದು ತೇಗದ ತೊಲೆಗಳು. ನರಸೀಪುರದ ಆಚೆಯ ಒಂದು ಹಳ್ಳಿಯವರು ತಮ್ಮ ಕೇರಿಯ ಹಳೆಯ ಸಮುದಾಯ ಭವನವನ್ನು ಬಿಚ್ಚಿ, ಅದೇ ಜಾಗದಲ್ಲಿ ಬುದ್ಧ ವಿಹಾರ ಕಟ್ಟುತ್ತಿದ್ದರು. ಬುದ್ಧನ ಮೂರ್ತಿಯ ಮೇಲೆ ಎಂಟು ಮೂಲೆಯ ಮರದ ಕೊಡೆ ಬರಬೇಕು, ಅದು ಹಳೆಯ ಭವನದ ಮರದ್ದೇ ಆಗಬೇಕು ಎಂಬುದು ಅವರ ಬೇಡಿಕೆ. ಮೂರ್ತಿಯ ಮೇಲೆ ಕವಿಚಿದಂತೆ ನಾಲ್ಕಡಿ ಅಗಲದ ಸೂರು, ಕೆಳಗೆ ಅಗಲವಾಗಿ ಮೇಲಕ್ಕೆ ಕಿರಿದಾಗುವ ಎಂಟು ಹಲಗೆ. ಒಂದು ಹಲಗೆಗೆ ಇನ್ನೊಂದು ಸಂದಿಲ್ಲದೆ ಕೂರಬೇಕಾದರೆ ಪ್ರತಿ ಹಲಗೆಯ ಎರಡೂ ಅಂಚನ್ನು ಓರೆಯಾಗಿ ಕತ್ತರಿಸಬೇಕು. ಮೈಸೂರಿನ ಯಾವುದೋ ಆಫೀಸಿನಲ್ಲಿ ಬರೆಸಿದ ನಕ್ಷೆಯಲ್ಲಿ ಪ್ರತಿ ಅಂಚಿಗೂ ಇಪ್ಪತ್ತೆರಡೂವರೆ ಡಿಗ್ರಿ ಎಂದು ಗುರುತು ಹಾಕಿತ್ತು.

ಮಾಲೀಕರು ನಕ್ಷೆಯನ್ನು ಬೆಂಚಿನ ಮೇಲೆ ಹರಡಿದರು. ಭಾವ ಬಗ್ಗಿ ನೋಡಿದರು. ಆಮೇಲೆ ತೊಲೆಯೊಂದನ್ನು ತಟ್ಟಿ, “ಈ ಮರದೊಳ್ಗೆ ಮೊಳೆ ತುಂಬದೆ ಸಾ. ನಮ್ಮ ಕೀಸುಳಿ ಬಾಯೆಲ್ಲಾ ಒಯ್ತದೆ. ಮಿಷನ್ಗೇ ಆಕಿ,” ಎಂದರು.

ಊರಿನಿಂದ ಬಂದಿದ್ದ ನಿವೃತ್ತ ಮೇಷ್ಟ್ರು ನನ್ನ ಹತ್ತಿರ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. “ಲೆಕ್ಕ ಹಾಕಿಸಿದ್ದೀವಿ. ಎಂಟು ಹಲಗೆಗೆ ಸರಿಯಾಗುತ್ತೆ. ಒಂಬತ್ತನೇದಕ್ಕೆ ಮರ ಇಲ್ಲ. ನೋಡ್ಕೊಂಡು ಮಾಡಿಪ್ಪಾ,” ಎಂದರು.

ಮೊದಲ ವಾರ ಮೊಳೆ ಕೀಳುವುದರಲ್ಲೇ ಹೋಯಿತು. ರೌಟರಿನ ಬಿಟ್ಟಿಗೆ ಮೊಳೆ ಸಿಕ್ಕರೆ ಬಿಟ್ ಚೂರಾಗಿ ಗುಂಡಿನಂತೆ ಹಾರುತ್ತದೆ. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಬಿಚ್ಚಿಕೊಂಡು, ಅದನ್ನು ದಾರಕ್ಕೆ ಕಟ್ಟಿ, ತೊಲೆಯ ಮೇಲೆ ಅಂಗುಲಂಗುಲ ಆಡಿಸಿದೆ. ದಾರ ವಾಲಿದಲ್ಲೆಲ್ಲ ಸೀಮೆಸುಣ್ಣದ ಗುರುತು. ಕೊಲುಮೆಯಲ್ಲಿ ಬಡಿದು ಮಾಡಿದ ಚೌಕನೆಯ ಮೊಳೆಗಳು, ತಲೆ ಮುರಿದು ಒಳಗೇ ಉಳಿದವು. ಸುತ್ತ ಉಳಿಯಲ್ಲಿ ತೋಡಿ, ಇಕ್ಕಳದಲ್ಲಿ ಎಳೆದು, ಡಬ್ಬಿಗೆ ಹಾಕುತ್ತಿದ್ದೆ. ಸಾಮಿಲ್ಲಿನಲ್ಲಿ ಕೊಯ್ಯಿಸಿ ತಂದ ಮೇಲೆ ಮೇಲಿನ ಕರಿ ಹೋಗಿ ಒಳಗಿನ ಮರ ಕಾಣಿಸಿತು. ಜೇನಿನ ಬಣ್ಣ, ನುಣುಪಾದ ಎಳೆ. ಈಗ ಅಂಥ ತೇಗ ಸಿಗುವುದಿಲ್ಲ. ಮೂರು ಮೂರು ಪಟ್ಟಿ ಅಂಟಿಸಿ ಎಂಟು ಹಲಗೆ ಮಾಡಿ ಒಣಗಲು ಇಟ್ಟೆ.

ಮಿಷನ್ನು ವಾಲಲಾರದು ಎಂದೆನಲ್ಲ. ಹಾಗಾಗಿ ಓರೆ ಬೇಕಾದರೆ ಅದನ್ನು ಮೆಟ್ಟಿಲಿನಂತೆ ಕೊರೆಯಬೇಕು. ಗುಂಡು ತುದಿಯ ಬಿಟ್ ಒಂದು ಗೆರೆ ಹೋಗುತ್ತದೆ, ಕೂದಲೆಳೆಯಷ್ಟು ಕೆಳಗಿಳಿದು, ಅದಕ್ಕಿಂತ ಕಡಿಮೆ ಒಳಕ್ಕೆ ಸರಿದು ಇನ್ನೊಂದು ಗೆರೆ ಬರುತ್ತದೆ. ಹೀಗೆ ನೂರು ಸಲ ಓಡಾಡಿದರೆ ಒಂದು ಓರೆ ಅಂಚು. ಆಮೇಲೆ ಉಪ್ಪುಕಾಗದ ಹಾಕಿ ಮೆಟ್ಟಿಲು ಅಳಿಸಬೇಕು. ತರಬೇತಿಯಲ್ಲಿ ಹೇಳಿಕೊಟ್ಟದ್ದು ಅಷ್ಟೇ. ಒಂದು ಅಂಚಿಗೆ ಎರಡು ಗಂಟೆ. ನಡುವೆ ಕರೆಂಟು ಹೋದರೆ ಮಿಷನ್ನಿಗೆ ತಾನೆಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಮತ್ತೆ ಮೂಲೆ ಹುಡುಕಿ, ಅಳತೆ ಕೂರಿಸಿ, ಶುರುಮಾಡಬೇಕು. ಆ ದಿನಗಳಲ್ಲಿ ಕರೆಂಟು ಹೋಗದೆ ಇದ್ದ ದಿನವೇ ಇಲ್ಲ.

ಎರಡು ಹಲಗೆಗಳ ನಾಲ್ಕು ಅಂಚು ಮುಗಿಯಲು ಮೂರು ದಿನ ಬೇಕಾಯಿತು. ನಾಲ್ಕನೆಯ ಬೆಳಿಗ್ಗೆ ಕೊಡೆಯ ಇಳಿಜಾರಿಗೆ ಸರಿಯಾಗಿ ಒಂದು ಚೌಕಟ್ಟು ಮಾಡಿ, ಅದರ ಮೇಲೆ ಎರಡೂ ಹಲಗೆಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟೆ. ಹೊರಗಿನ ಅಂಚು ಕೂಡಿತು. ಒಳಗೆ ಬಗ್ಗಿ ನೋಡಿದರೆ ಬಾಯಿ ಬಿಟ್ಟುಕೊಂಡಿತ್ತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಸಂದಿಗೆ ತೂರಿದೆ. ಬೀಳದೆ ನಿಂತಿತು. ಮೂರ್ತಿಯ ಮುಂದೆ ಕೂತು ತಲೆ ಎತ್ತಿದವರಿಗೆ ಮೊದಲು ಕಾಣುವುದೇ ಆ ಸಂದು.

ಮಿಷನ್ ತಪ್ಪಿತೆಂದುಕೊಂಡೆ. ಬೆಲ್ಟ್ ಬಿಗಿದೆ, ಹಳಿ ಒರೆಸಿದೆ, ಬಿಟ್ ಬದಲಿಸಿದೆ, ಹಾಳು ಪ್ಲೈವುಡ್ಡಿನ ಮೇಲೆ ಮತ್ತೆ ಕೊರೆದು ಕೋನ ಅಳೆದೆ. ಇಪ್ಪತ್ತೆರಡೂವರೆ ಎಂದರೆ ಇಪ್ಪತ್ತೆರಡೂವರೆಯೇ. ಎರಡು ದಿನ ಹೀಗೇ ಕಳೆದ ಮೇಲೆ ಮಿಷನ್ನಿನದು ಏನೂ ತಪ್ಪಿಲ್ಲ, ನಾನು ಹೇಳಿದ್ದನ್ನು ಅದು ಕೂದಲೆಳೆ ತಪ್ಪದೆ ಮಾಡಿದೆ ಎಂಬುದು ಖಾತ್ರಿಯಾಯಿತು. ಹಾಗಾದರೆ ತಪ್ಪು ಎಲ್ಲಿ? ಕೇಳಬಹುದಾದವರು ಒಬ್ಬರೇ ಇದ್ದರು. ಮಧ್ಯಾಹ್ನ ಗಾಜಿನ ರೂಮಿನಿಂದ ಹೊರಟು ಬೆಂಚಿದ್ದ ಶೆಡ್ಡಿನ ಬಾಗಿಲವರೆಗೆ ಹೋದೆ. ಭಾವ ನನಗೆ ಬೆನ್ನು ಮಾಡಿ ಗರಗಸಕ್ಕೆ ಅರ ಹಾಕುತ್ತಿದ್ದರು. ಪಕ್ಕದವರೊಬ್ಬರು ನನ್ನನ್ನು ನೋಡಿ ಮುಖ ತಿರುಗಿಸಿದರು. ಒಂದು ನಿಮಿಷ ನಿಂತಿದ್ದೆನೇನೋ. ನೀರು ಕುಡಿಯಲು ಬಂದವನಂತೆ ಕೊಳಾಯಿಯ ಕಡೆ ನಡೆದು, ನೀರು ಕುಡಿದು, ವಾಪಸಾದೆ.

ಆ ಭಾನುವಾರ ಹೆಡತಲೆಗೂ ಹೋಗಲಿಲ್ಲ. ಮನೆಯಲ್ಲಿ ಕೂತು ಹಾರ್ಡ್‌ವೇರ್ ಅಂಗಡಿಯಿಂದ ತಂದ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಎಂಟು ತ್ರಿಕೋನ ಮಾಡಿದೆ. ಟೇಪು ಹಚ್ಚಿ ಒಂದು ಸಣ್ಣ ಕೊಡೆ ಕಟ್ಟಿದೆ. ಅದನ್ನು ನೆಲದ ಮೇಲಿಟ್ಟು ಮೇಲಿನಿಂದ ಮೆಲ್ಲಗೆ ಒತ್ತಿದಾಗ ವಿಷಯ ಕಣ್ಣಿಗೆ ಬಿತ್ತು. ಎಂಟು ಹಲಗೆಗಳನ್ನು ಬಾವಿಯ ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರೆ ಅಂಚಿಗೆ ಇಪ್ಪತ್ತೆರಡೂವರೆ ಓರೆ ಬೇಕು. ಅವೇ ಎಂಟನ್ನು ನೆಲಕ್ಕೆ ಚಪ್ಪಟೆಯಾಗಿ ಮಲಗಿಸಿದರೆ ಓರೆಯೇ ಬೇಡ, ನೇರ ಅಂಚು ಸಾಕು. ನಮ್ಮ ಕೊಡೆ ಇವೆರಡರ ನಡುವೆ ಅರ್ಧ ಮಲಗಿತ್ತು. ನಕ್ಷೆ ಬರೆದವರು ಮೇಲಿನಿಂದ ನೋಡಿ ಬರೆದಿದ್ದರು. ಮೇಲಿನಿಂದ ನೋಡುವವರಿಗೆ ಇಳಿಜಾರು ಕಾಣುವುದಿಲ್ಲ.

ರಟ್ಟಿನ ಮೇಲೆ ಕೋನಮಾಪಕ ಇಟ್ಟರೆ ಹದಿನೈದಕ್ಕೂ ಹದಿನಾರಕ್ಕೂ ನಡುವೆ ಬಂತು. ಪಿಯುಸಿಯ ತ್ರಿಕೋನಮಿತಿಯನ್ನು ನೆನಪಿಸಿಕೊಂಡು, ಎರಡು ಕೋನಗಳ ಸೈನ್ ಗುಣಿಸಿ ಕ್ಯಾಲ್ಕುಲೇಟರಿನಲ್ಲಿ ನೋಡಿದೆ. ಹದಿನೈದು ಪಾಯಿಂಟ್ ಏಳು. ಎದ್ದು ನಿಂತೆ. ಯಾರಿಗಾದರೂ ಹೇಳಬೇಕು ಅನಿಸಿತು. ಬಾಗಿಲ ಹತ್ತಿರ ಹೋಗಿ ಬೀದಿ ನೋಡಿದೆ. ಎದುರುಮನೆಯಾಕೆ ಒಗೆದ ಬಟ್ಟೆ ಹರವುತ್ತಿದ್ದರು. ಒಳಗೆ ಬಂದು ಅನ್ನಕ್ಕೆ ಇಟ್ಟೆ.

ತಪ್ಪಾಗಿ ಕೊರೆದ ಎರಡು ಹಲಗೆ ಪುಣ್ಯಕ್ಕೆ ಪೂರಾ ಹಾಳಾಗಿರಲಿಲ್ಲ. ಪ್ರತಿ ಅಂಚಿನಿಂದ ಇನ್ನು ನಾಲ್ಕು ಮಿಲಿಮೀಟರ್ ತೆಗೆದರೆ ಸರಿಯಾದ ಓರೆ ಸಿಗುತ್ತಿತ್ತು. ಉಳಿದ ಆರನ್ನೂ ಅದೇ ಅಳತೆಗೆ ಕಿರಿದು ಮಾಡಿದರೆ ಆಯಿತು, ಕೊಡೆ ಎರಡು ಬೆರಳು ಸಣ್ಣದಾಗುತ್ತದೆ. ಅದಕ್ಕೆ ಮಾಲೀಕರು ಮೇಷ್ಟ್ರಿಗೆ ಫೋನ್ ಮಾಡಿ ಒಪ್ಪಿಸಿದರು.

ಮೆಟ್ಟಿಲು ಕೊರೆಯುವ ದಾರಿಯನ್ನೂ ಬಿಟ್ಟೆ. ಬಿಟ್ ವಾಲುವುದಿಲ್ಲವಾದರೆ ಮರವನ್ನೇ ವಾಲಿಸಿದರೆ ಆಗದೇ? ಪ್ಲೈವುಡ್ಡಿನಲ್ಲಿ ಐದು ಬೆಣೆಗಳನ್ನು ಬರೆದು, ಅದೇ ಮಿಷನ್ನಿನಲ್ಲಿ ಮಲಗಿಸಿ ಕೊರೆದೆ. ಹದಿನೈದು ಪಾಯಿಂಟ್ ಏಳನ್ನು ಮಿಷನ್ನೇ ಬರೆದುಕೊಂಡಂತಾಯಿತು. ಐದನ್ನೂ ಸಾಲಾಗಿ ನಿಲ್ಲಿಸಿ ಮೇಲೆ ಒಂದು ಪ್ಲೈವುಡ್ ಹಾಳೆ ಬಡಿದು ಮೇಜಿಗೆ ಬೋಲ್ಟ್ ಹಾಕಿದೆ. ಈಗ ಹಲಗೆಯನ್ನು ಆ ಇಳಿಜಾರಿನ ಮೇಲೆ ಬಿಗಿದರೆ, ಬಿಟ್ ನೇರವಾಗಿ ಇಳಿದು ನೇರವಾಗಿ ಹೋದರೂ ಅಂಚು ಓರೆಯಾಗಿಯೇ ಬರುತ್ತದೆ. ಮೊದಲ ಸಲ ಒಳಮುಖ ಮೇಲೆ ಮಾಡಿ ಬಿಗಿದೆ. ಕತ್ತರಿಸುವ ಅಂಚು ತಗ್ಗಿನಲ್ಲಿ, ಹಲಗೆಯ ಮೈ ಎತ್ತರದಲ್ಲಿ. ಬಿಟ್ ಹಿಡಿಯುವ ನಟ್ಟು ಹೋಗಿ ಮರಕ್ಕೇ ಗುದ್ದುವಂತಿತ್ತು. ಹಲಗೆಯನ್ನು ಮಗುಚಿ ಹೊರಮುಖ ಮೇಲೆ ಮಾಡಿದೆ. ಅಂಚು ಎತ್ತರಕ್ಕೆ ಬಂತು, ದಾರಿ ಬಿಟ್ಟಿತು.

ಹಾಳು ಪ್ಲೈವುಡ್ಡಿನಲ್ಲಿ ಮೊದಲು ಗೇಣುದ್ದದ ಎಂಟು ತುಂಡು ಕತ್ತರಿಸಿ ರಬ್ಬರ್ ಪಟ್ಟಿ ಹಾಕಿ ಕೂಡಿಸಿದೆ. ಕಿಟಕಿಗೆ ಹಿಡಿದು ಒಳಗಿನಿಂದ ನೋಡಿದೆ. ಎಂಟು ಕೂಡುಗಳಲ್ಲಿ ಒಂದರಲ್ಲೂ ಬೆಳಕಿನ ಗೆರೆ ಇರಲಿಲ್ಲ. ಮಾಲೀಕರಿಗೆ ತೋರಿಸಲು ಆಫೀಸಿಗೆ ಒಯ್ದೆ. ಫೋನಿನಲ್ಲಿದ್ದರು. ಅದನ್ನು ಒಂದು ಕೈಯಲ್ಲಿ ತಿರುಗಿಸಿ ನೋಡಿ, ಫೋನಿನ ಬಾಯಿ ಮುಚ್ಚಿ, “ಸರಿ, ಬೇಗ ಮುಗ್ಸು,” ಎಂದರು. ಅದನ್ನು ತಂದು ಕಂಪ್ಯೂಟರಿನ ಮೇಲಿಟ್ಟೆ.

ಆಮೇಲಿನ ಕೆಲಸ ಸರಾಗವಾಗಿ ಹೋಯಿತು. ಎರಡು ಗಂಟೆ ಹಿಡಿಯುತ್ತಿದ್ದ ಅಂಚು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಐದು ಹಲಗೆ ಮುಗಿಸಿದೆ. ಆರನೆಯದರ ಎರಡನೆಯ ಅಂಚಿನಲ್ಲಿ, ಇನ್ನೇನು ಒಂದಡಿ ಉಳಿದಿದೆ ಎನ್ನುವಾಗ, ಢಣ್ ಎಂಬ ಸದ್ದಾಯಿತು. ಏನೋ ಹಾರಿ ಗಾಜಿಗೆ ಬಡಿಯಿತು. ಕೆಂಪು ಗುಂಡಿ ಒತ್ತುವಷ್ಟರಲ್ಲಿ ಮುರಿದ ಬಿಟ್ ಹಲಗೆಯನ್ನು ಬಿಗಿತದಿಂದ ಕಿತ್ತು ಎಸೆದಾಗಿತ್ತು.

ಬೆಂಚಿನವರು ಓಡಿ ಬಂದು ಗಾಜಿನಾಚೆ ನಿಂತರು. ಭಾವ ಎಲ್ಲರಿಗಿಂತ ಮುಂದೆ ಇದ್ದರು. ಅವರು ಮರ ನೋಡಲಿಲ್ಲ, ಮಿಷನ್ ನೋಡಲಿಲ್ಲ, ನನ್ನ ಎರಡೂ ಕೈ ನೋಡಿದರು. ಹತ್ತು ಬೆರಳೂ ನೆಟ್ಟಗಿದ್ದದ್ದು ಕಂಡಮೇಲೆ ತಿರುಗಿ ಹೊರಟುಹೋದರು. ಅವರ ಹಿಂದೆ ಉಳಿದವರೂ ಹೋದರು.

ಹಲಗೆ ಎಳೆಗುಂಟ ಸೀಳಿ ಎರಡಾಗಿತ್ತು. ಸೀಳಿನೊಳಗೆ ಅರ್ಧ ಬೆರಳುದ್ದದ ತುಕ್ಕು ಮೊಳೆ. ಆ ಅಂಚಿನ ಮೇಲೆ ನಾನು ಅಯಸ್ಕಾಂತ ಆಡಿಸಿದ್ದೆನೋ, ಊಟದ ಹೊತ್ತಾಯಿತೆಂದು ಹಾಗೇ ಎದ್ದಿದ್ದೆನೋ, ಈಗಲೂ ಪ್ರಮಾಣ ಮಾಡಿ ಹೇಳಲಾರೆ.

ಮಾಲೀಕರು ಬಂದು ನೋಡಿದರು. “ಆಯ್ತು ಬಿಡು. ಗೋಡೌನಲ್ಲಿ ಹೊಸ ತೇಗ ಇದೆ. ಒಂದು ಹಲಗೆ ಮಾಡಿ, ಕಲರ್ ಹೊಡ್ದು ಸೇರ್ಸು. ಏಳರ ಜೊತೆ ಒಂದು, ಯಾರಿಗೆ ಗೊತ್ತಾಗುತ್ತೆ?”

“ಸರಿ ಸಾ,” ಎಂದೆ. ಹೊಸ ತೇಗ ತಂದು, ಹಲಗೆ ಮಾಡಿ, ಓರೆ ಕತ್ತರಿಸಿ, ಕಲರ್ ಕಲಸಿ ಎರಡು ಕೈ ಹೊಡೆದೆ. ಮಧ್ಯಾಹ್ನದ ಬೆಳಕಿನಲ್ಲಿ ಏಳರ ಪಕ್ಕ ಇಟ್ಟರೆ ನನಗೇ ಗುರುತು ಹಿಡಿಯುವುದು ಕಷ್ಟವಾಗಿತ್ತು.

ಮಾರನೆಯ ದಿನ ಕಾರ್ಖಾನೆಯ ದಾರಿ ಹಿಡಿಯದೆ ನರಸೀಪುರದ ಬಸ್ಸು ಹತ್ತಿದೆ. ಜೇಬಿನಲ್ಲಿ ಆ ಮೊಳೆ ಇತ್ತು. ಇದನ್ನು ನನ್ನ ಒಳ್ಳೆಯತನ ಎಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಒಂದು ತಿಂಗಳಿನಿಂದ ಆ ಮರದ ಜೊತೆ ಬಿಟ್ಟು ನಾನು ಇನ್ಯಾರ ಜೊತೆಯೂ ಇರಲಿಲ್ಲ. ಅದರ ಬಗ್ಗೆ ಮಾತಾಡಬಲ್ಲ ಯಾರಾದರೂ ಒಬ್ಬರು ಬೇಕಾಗಿದ್ದರು. ಬೈದರೂ ಸರಿ ಅನಿಸಿತ್ತು.

ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಆ ಹಳ್ಳಿ ಸೇರುವಾಗ ಹತ್ತು ಗಂಟೆ ದಾಟಿತ್ತು. ವಿಹಾರಕ್ಕೆ ಗಾರೆ ಕೆಲಸ ನಡೆದಿತ್ತು. ಮೇಷ್ಟ್ರು ಕುರ್ಚಿ ಹಾಕಿಕೊಂಡು ನೋಡಿಕೊಳ್ಳುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿ ಮೊಳೆಯನ್ನು ಅವರ ಅಂಗೈಗೆ ಹಾಕಿದೆ. ಹೊಸ ಮರದ ಹಲಗೆ ಮಾಡಿಟ್ಟಿದ್ದೇನೆ ಎಂಬುದನ್ನೂ ಮುಚ್ಚಿಡಲಿಲ್ಲ. ಅಷ್ಟರಲ್ಲಿ ಏಳೆಂಟು ಜನ ಸೇರಿದ್ದರು.

ಜಗಲಿಯ ಮೇಲೆ ಕೂತಿದ್ದ ಒಬ್ಬ ಮುದುಕಿ ಕೊನೆಗೆ ಬಾಯಿಬಿಟ್ಟರು. “ಆ ಮರ ಎಂಗ್ ಬಂತು ಗೊತ್ತೇನಪ್ಪ ನಿಂಗೆ?”

“ಗೊತ್ತಿಲ್ಲವ್ವ.”

“ಅರಾಜಲ್ಲಿ ತಕಂಡ್ರು ನಮ್ಮೋರು. ದುಡ್ಡು ಕೊಟ್ಟು ತಕಂಡ್ರು. ಸಾಗ್ಸಕ್ಕೆ ಊರಲ್ಲಿ ಒಬ್ರೂ ಗಾಡಿ ಕೊಡ್ನಿಲ್ಲ. ಬಾಡಿಗೆ ಕೊಡ್ತೀವಿ ಅಂದ್ರೂ ಕೊಡ್ನಿಲ್ಲ. ಈ ಕೇರಿ ಗಂಡಸ್ರು ಎಗಲ ಮ್ಯಾಲೆ ಒತ್ಕಂಡು ಬಂದ್ರು, ನರಸೀಪುರದಿಂದ. ನಮ್ಮಾವ ಮುಂದ್ಗಡೆ ಎಗಲು ಕೊಟ್ಟಿದ್ರಂತೆ. ಸಾಯಗಂಟ ಆ ಬುಜ ಒಂದು ಕಡೀಕೆ ಇಳ್ದೇ ಇತ್ತು.”

ನಾನು ತಲೆ ತಗ್ಗಿಸಿದೆ. ಮೇಷ್ಟ್ರು ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ನಮ್ಮನೆ ಕೊಟ್ಗೇಲಿ ಅಡ್ಡಪಟ್ಟಿ ಅದಲ್ಲ,” ಎಂದು ಮುದುಕಿ ತಮ್ಮ ಮಗನ ಕಡೆ ತಿರುಗಿದರು. “ಭವನ ಕಟ್ಟಾದ ಮ್ಯಾಲೆ ಮಿಕ್ಕಿದ್ ತುಂಡ ನಮ್ಮಾವನ್ಗೇ ಕೊಟ್ಟಿದ್ರು. ಅದೇ ಮರ. ಬಿಚ್ಕೊಡು.”

“ಎಮ್ಮೆ ಎಲ್ ಕಟ್ಟಾನವ್ವ?” ಎಂದ ಮಗ.

“ಬೇವಿನ್ ಮರಕ್ಕೆ ಕಟ್ಟು. ಅದೇನು ಓಡೋಯ್ತದಾ?”

ಕೊಟ್ಟಿಗೆಗೆ ಹೋಗಿ ನೋಡಿದೆ. ಗೋಡೆಯಿಂದ ಗೋಡೆಗೆ ಹಾಕಿದ್ದ ದಪ್ಪ ಪಟ್ಟಿ, ನಡುವೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕಚ್ಚು. ಒಂದು ಹಲಗೆಗೆ ಸಾಕಾಗುತ್ತಿತ್ತು. ನಾವಿಬ್ಬರೂ ಸೇರಿ ಬಿಚ್ಚಿ ಇಳಿಸಿದೆವು.

ಹೊರಡಲು ಎದ್ದಾಗ ಮುದುಕಿ ಊಟ ಮಾಡಿಕೊಂಡು ಹೋಗು ಎಂದರು. ಮೇಷ್ಟ್ರು ಒಂದು ಕ್ಷಣ ನನ್ನ ಮುಖ ನೋಡಿ, “ಮಾಡ್ತೀರಾ?” ಎಂದು ಮೆಲ್ಲಗೆ ಕೇಳಿದರು.

“ಮಾಡ್ತೀನಿ ಸಾ. ಹೊಟ್ಟೆ ಹಸ್ದಿದೆ,” ಎಂದೆ.

ಗಾರೆ ಕೆಲಸದವರು, ಮೇಷ್ಟ್ರು, ಮುದುಕಿಯ ಮಗ, ನಾನು, ಎಲ್ಲ ಸಾಲಾಗಿ ಕೂತೆವು. ಮುದ್ದೆ, ಉಪ್ಸಾರು. ಪಕ್ಕದವರು ಸಾರಿಗೆ ಉಪ್ಪು ಸಾಲದು ಎಂದು ನನಗೇ ಹೇಳಿ, ಉಪ್ಪಿನ ಬಟ್ಟಲು ನನ್ನ ಕಡೆ ತಳ್ಳಿದರು. ಜನರ ಮಧ್ಯೆ ಕೂತು ಉಂಡು ಎಷ್ಟು ತಿಂಗಳಾಗಿತ್ತು ಎಂಬುದು ಆಗ ತಿಳಿಯಿತು. ಬಟ್ಟಲಿನಿಂದ ಉಪ್ಪು ತೆಗೆದು ಸಾರಿಗೆ ಹಾಕಿಕೊಂಡೆ.

ಬಸ್ಸಿನ ಮೇಲೆ ಹಾಕಿಕೊಂಡು ತಂದ ಆ ಪಟ್ಟಿಯನ್ನು ಕೊಯ್ಯಿಸುವ ಮೊದಲು ಎಂಟು ಸಲ, ಕೊಯ್ಯಿಸಿದ ಮೇಲೆ ಎಂಟು ಸಲ ಅಯಸ್ಕಾಂತ ಆಡಿಸಿದೆ. ಹೇಳದೆ ರಜೆ ಹಾಕಿದ್ದಕ್ಕೆ ಮಾಲೀಕರು ರೇಗಿದರು, ಮರ ನೋಡಿ ಸುಮ್ಮನಾದರು. ಕಲರ್ ಹೊಡೆದ ಹಲಗೆ ಗೋಡೌನಿಗೆ ಹೋಯಿತು. ಉಳಿದ ಮೂರು ಹಲಗೆಯ ಓರೆಯನ್ನು ನಾಲ್ಕು ದಿನದಲ್ಲಿ, ನಿಧಾನ ವೇಗದಲ್ಲಿ, ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ಮುಗಿಸಿದೆ. ಹಗ್ಗದ ಕಚ್ಚನ್ನು ಹೊರಮುಖಕ್ಕೆ ಬರುವಂತೆ ಬಿಟ್ಟೆ, ಉಜ್ಜಿ ತೆಗೆಯಲಿಲ್ಲ.

ಕೂರಿಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಮಾಲೀಕರು ನನ್ನ ಜೊತೆಗೆ ಭಾವನನ್ನು ಕಳಿಸಿದರು. ವ್ಯಾನಿನಲ್ಲಿ ಹಲಗೆಗಳ ಆ ಬದಿ ಅವರು, ಈ ಬದಿ ನಾನು. ವಿಹಾರದಲ್ಲಿ ಮೂರ್ತಿ ಇನ್ನೂ ಬಂದಿರಲಿಲ್ಲ, ಪೀಠವಷ್ಟೇ ಇತ್ತು. ಸಾರವೆ ಹತ್ತಿ, ಒಂದೊಂದೇ ಹಲಗೆ ಎತ್ತಿ, ಅಂಟು ಹಚ್ಚಿ ಕೂಡಿಸುತ್ತಾ ಹೋದೆವು. “ಇಡಿ,” “ಒಸಿ ಮೇಲೆ,” “ಬಿಗಿ,” ಇಷ್ಟೇ ಮಾತು.

ಎಂಟನೆಯ ಹಲಗೆ ಏಳರ ನಡುವಿನ ಜಾಗಕ್ಕೆ ಹೋಯಿತು. ಮೆಲ್ಲಗೆ ತಟ್ಟಿದೆ. ಕೂತಿತು. ಭಾವ ಜೇಬಿನಿಂದ ಬಸ್ಸಿನ ಟಿಕೆಟ್ ತೆಗೆದು ಪ್ರತಿ ಕೂಡಿಗೂ ಅದರ ಅಂಚು ತೂರಿಸಿ ನೋಡಿದರು. ಏಳು ಕಡೆ ಹೋಗಲಿಲ್ಲ. ಎಂಟನೆಯದರ ತುದಿಯಲ್ಲಿ ಉಗುರಿನಷ್ಟು ಹೋಯಿತು. ಅದಕ್ಕೆ ತಾಗುವ ಹಲಗೆಯ ಒಳಮೂಲೆ ಅಷ್ಟು ಎದ್ದುಕೊಂಡಿತ್ತು.

“ಉಳಿ ಕೊಡು,” ಎಂದರು.

ಕೊಟ್ಟೆ. ಎಂಟನೆಯ ಹಲಗೆಯನ್ನು ಸಡಿಲಿಸಿ, ಎದ್ದ ಮೂಲೆಯಿಂದ ಒಂದೇ ಒಂದು ಸಿಪ್ಪೆ ತೆಗೆದರು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ಬಿಗಿದು ಮತ್ತೆ ಟಿಕೆಟ್ ಇಟ್ಟರು. ಹೋಗಲಿಲ್ಲ. ಟಿಕೆಟ್ಟನ್ನು ಜೇಬಿಗೆ ಹಾಕದೆ ಕೈಯಲ್ಲೇ ಮಡಿಸುತ್ತಾ ನಿಂತರು.

“ನಕ್ಸೆ ನಾನು ಮೊದಲ್ನೇ ದಿನಾನೇ ನೋಡಿದ್ದೆ,” ಎಂದರು.

ನಾನು ಹಲಗೆಗೆ ಕೈ ಆನಿಸಿಕೊಂಡೇ ಇದ್ದೆ.

“ಮಲಗ್ದ ಅಲಗೆಗೆ ಇಪ್ಪತ್ತೆರಡೂವರೆ ಎಲ್ಲಿಂದ ಬಂದಾತು? ನೋಡ್ತಿದ್ದಂಗೇ ಗೊತ್ತಾಯ್ತು. ಯೇಳ್ನಿಲ್ಲ.”

ಮೆಟ್ಟಿಲು ಕೊರೆದ ಮೂರು ದಿನ, ಬೆಲ್ಟು ಬಿಗಿದ ಎರಡು ದಿನ, ಸಂದಿನಲ್ಲಿ ನಿಂತ ಪೆನ್ಸಿಲ್ಲು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಮೈ ಬಿಸಿಯಾಯಿತು. ಆದರೆ ಬಾಯಿಗೆ ಬಂದ ಮಾತು ಬೇರೆ.

“ನಾನೂ ಒಂದಿನ ಬೆಂಚಿನ ತಂಕ ಬಂದಿದ್ದೆ ಭಾವ. ಕೇಳ್ಲಿಲ್ಲ.”

“ಬಂದಿದ್ ಕಂಡೆ,” ಎಂದರು. “ಅರ ಆಕ್ತಿದ್ದ ಗರಗಸದಲ್ಲಿ ನಿನ್ ನೆಳ್ಳು ಬಿದ್ದಿತ್ತು.”

ಅಷ್ಟು ಹೇಳಿ ಸಾರವೆ ಇಳಿದರು. ಕೆಳಗೆ ಮುದುಕಿ ಗೋಡೆ ಹಿಡಿದುಕೊಂಡು ನಿಂತು ತಲೆ ಎತ್ತಿ ನೋಡುತ್ತಿದ್ದರು. ಯಾವ ಹಲಗೆ ತಮ್ಮದು ಎಂದು ಕೇಳಿದರು. ತೋರಿಸಿದೆ. ಕೆಳಗಿನಿಂದ ಎಂಟೂ ಒಂದೇ ಥರ ಕಾಣುತ್ತಿದ್ದವು. “ಇರ್ಲಿ, ಎಲ್ಲಾ ನಮ್ದೇ,” ಎಂದರು.

ವ್ಯಾನು ಬೇರೆ ಕೆಲಸಕ್ಕೆ ಹೋಗಿದ್ದರಿಂದ ಸಂಜೆ ಹಳ್ಳಿಗಳನ್ನು ಸುತ್ತಿಕೊಂಡು ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಹೊರಟೆವು. ಭಾವ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಹೆಡತಲೆ ಬಂದಾಗ ಎದ್ದು ನನ್ನ ಸೀಟಿನ ಹತ್ತಿರ ನಿಂತರು. “ಇಳ್ಕೊ. ಕೂಸು ನೋಡ್ಕಂಡು ಬೆಳಿಗ್ಗೆ ಓಗಿವಂತೆ.”

ಎಷ್ಟೋ ತಿಂಗಳಿಂದ ಕಾದಿದ್ದ ಮಾತು. ಆದರೆ ಸಾರವೆಯ ಮೇಲೆ ಬಂದ ಸಿಟ್ಟು ಇನ್ನೂ ಎದೆಯಲ್ಲಿತ್ತು. ಅದನ್ನು ಇಟ್ಟುಕೊಂಡು ಅವರ ಮನೆಯ ಅನ್ನ ಉಣ್ಣಲು ಮನಸ್ಸು ಬರಲಿಲ್ಲ.

“ಬುಧವಾರ ಬತ್ತೀನಿ ಭಾವ, ಇಬ್ರನ್ನೂ ಕರ್ಕಂಡೋಗಕ್ಕೆ,” ಎಂದೆ.

ಅವರು ತಲೆಯಾಡಿಸಿ ಇಳಿದರು. ಬಸ್ಸು ಹೊರಟಿತು. ನಂಜನಗೂಡಿನ ಮನೆಯ ಬೀಗ ತೆಗೆದು ಒಳಗೆ ಹೋದಾಗ ಮೂಲೆಯಲ್ಲಿ ರಟ್ಟಿನ ಚೂರುಗಳು ಹಾಗೇ ಬಿದ್ದಿದ್ದವು. ಗುಡಿಸಿದೆ.

ಬೆಂಚಿನ ಮಿಕ್ಕ ನಾಲ್ವರು ನಾನು ಆ ಕಾರ್ಖಾನೆ ಬಿಡುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಕೆಲಸ ಕಳೆದುಕೊಂಡ ಇಬ್ಬರು ಮತ್ತೆ ಬರಲಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟು, ಮಿಷನ್ನಿನದೆಷ್ಟು ಎಂದು ಯೋಚಿಸುವುದನ್ನು ನಾನಿನ್ನೂ ಬಿಟ್ಟಿಲ್ಲ.

ಬುಧವಾರ ಹೋದೆ. ಹೆಂಡತಿ ಗಂಟು ಕಟ್ಟಿ ಸಿದ್ಧವಾಗಿದ್ದಳು. ಭಾವ ರಜೆ ಹಾಕಿ ಮನೆಯಲ್ಲೇ ಇದ್ದರು. ಹಜಾರದಲ್ಲಿ ಒಂದು ಹೊಸ ತೊಟ್ಟಿಲಿತ್ತು, ಅವರೇ ಮಾಡಿದ್ದು. ಕೆಳಗೆ ಕಿರಿದು, ಮೇಲೆ ಅಗಲ, ನಾಲ್ಕೂ ಬದಿ ಹೊರಕ್ಕೆ ವಾಲಿದ್ದವು. ಬಗ್ಗಿ ಮೂಲೆಗಳ ಮೇಲೆ ಬೆರಳಾಡಿಸಿದೆ. ಕೂಡಿದ ಜಾಗ ಬೆರಳಿಗೆ ಸಿಗಲಿಲ್ಲ.

“ಇದೆಷ್ಟು ಡಿಗ್ರಿ ಭಾವ?” ಎಂದು ಕೇಳಿದೆ.

“ಡಿಗ್ರಿ ಗಿಗ್ರಿ ನಂಗೊತ್ತಿಲ್ಲ. ಎಂಗ್ ಮಾಡೋದು ಅಂತ ಬೇಕಾದ್ರೆ ತೋರುಸ್ತೀನಿ, ಕೂತ್ಕೊ.”

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಕೂತುಕೊಂಡೆ.